ಮಹಾತ್ಮರ ಲೇಖನವೂ ಯಹೂದ್ಯದ್ವೇಷದ ಆರೋಪವೂ

ಮಹಾಪುರುಷರ ಚರಿತ್ರೆಯನ್ನು ಜಯಂತಿಯ ದಿನ ಹಾರ ಹಾಕಿ ಓದುವುದು ಸುಲಭ. ಅವರ ಮೇಲೆ ಬಂದ ದೋಷಾರೋಪವನ್ನು ಎದುರಿಗಿಟ್ಟುಕೊಂಡು ಓದುವುದು ಕಷ್ಟ. ಆದರೆ ಓದುವವನಿಗೆ ಹೆಚ್ಚಿನ ಪ್ರಯೋಜನವಾಗುವುದು ಈ ಎರಡನೆಯ ಓದಿನಿಂದಲೇ. ಮಹಾತ್ಮಾ ಗಾಂಧಿಯವರ ಮೇಲೆ ಬಂದ ಆಪಾದನೆಗಳು ಅನೇಕ. ಅವರು ಯಹೂದ್ಯರನ್ನು ದ್ವೇಷಿಸಿದರು, ಕಡಮೆಪಕ್ಷ ಆ ಜನರ ಸಂಕಟಕ್ಕೆ ಕಿವುಡಾದರು ಎಂಬ ಆಪಾದನೆಯಷ್ಟು ಕಠೋರವಾದುದು ಅವುಗಳಲ್ಲಿ ಇನ್ನೊಂದಿಲ್ಲ. 1938ನೆಯ ಇಸವಿಯ ನವೆಂಬರ್ 26ರ ಹರಿಜನ ಪತ್ರಿಕೆಯಲ್ಲಿ ಅವರು ಬರೆದ ಒಂದು ಲೇಖನವೇ ಇದಕ್ಕೆ ಮೂಲ. ಎಂಬತ್ತು ವರ್ಷಗಳು ಮೀರಿದ ಮೇಲೂ ಪ್ಯಾಲೆಸ್ಟೈನಿನ ಮಾತು ಎದ್ದಾಗಲೆಲ್ಲ ಆ ಲೇಖನವನ್ನು ಒಂದು ಪಕ್ಷದವರು ಕತ್ತಿಯಂತೆಯೂ ಇನ್ನೊಂದು ಪಕ್ಷದವರು ಗುರಾಣಿಯಂತೆಯೂ ಹಿಡಿಯುತ್ತಾರೆ. ಅದನ್ನು ಪೂರ್ತಿಯಾಗಿ ಓದಿದವರು ವಿರಳ.

ಭಟ್ಕಳ, ಹೊನ್ನಾವರ, ಕುಮಟಾಗಳ ವಾಚಕರಿಗೆ ದೂರದೇಶದ ಈ ವ್ಯಾಜ್ಯದಿಂದ ಆಗಬೇಕಾದುದೇನು ಎಂದು ಯಾರಾದರೂ ಕೇಳಬಹುದು. ಆಗಬೇಕಾದುದು ಬಹಳವಿದೆ. ಗಾಂಧೀಜಿಯವರು ಯಹೂದ್ಯರಿಗೆ ಹೇಳಿದ ಬುದ್ಧಿವಾದವನ್ನು ಅದಕ್ಕೂ ಮುಂಚೆ ಈ ಜಿಲ್ಲೆಯ ಒಕ್ಕಲಿಗೆ ಹೇಳಿದ್ದರು. ಈ ಜಿಲ್ಲೆಯವರು ಅದನ್ನು ಆಚರಿಸಿ, ಅದರ ಬೆಲೆಯನ್ನು ಹೊಲಮನೆಗಳ ರೂಪದಲ್ಲಿ ತೆತ್ತರು. ಆದುದರಿಂದ ಆ ಲೇಖನದ ಗುಣದೋಷಗಳನ್ನು ತೂಗುವ ಅಧಿಕಾರ ನಮಗೂ ಇದೆ. ತೂಗುವುದಕ್ಕೆ ಮುನ್ನ, ಬರೆದವರ ಜೀವಿತದಲ್ಲಿ ಯಹೂದ್ಯರ ಸ್ಥಾನವೇನಿತ್ತೆಂಬುದನ್ನು ನೋಡಬೇಕು.

ಮೋಹನದಾಸ ಕರಮಚಂದ ಗಾಂಧಿಯವರು ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಕಾಠಿಯಾವಾಡದ ಪೋರಬಂದರಿನಲ್ಲಿ. ನಮ್ಮ ಊರುಗಳಂತೆಯೇ ಅದೂ ಸಮುದ್ರದಂಡೆಯ ವ್ಯಾಪಾರದ ಊರು. ತಂದೆ ಸಂಸ್ಥಾನದ ದಿವಾನರು. ತಾಯಿ ವ್ರತನಿಯಮಗಳ ಸಾಧ್ವಿ. 1888ರಲ್ಲಿ ಲಂಡನ್ನಿಗೆ ಹೋಗಿ, 1891ರಲ್ಲಿ ಬ್ಯಾರಿಸ್ಟರಾಗಿ ಮರಳಿದರು. ಸ್ವದೇಶದಲ್ಲಿ ವಕೀಲಿ ಸಾಗದೆ, ಒಬ್ಬ ವರ್ತಕರ ವ್ಯಾಜ್ಯದ ನಿಮಿತ್ತವಾಗಿ 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹಡಗು ಹತ್ತಿದರು. ಮೊದಲನೆಯ ತರಗತಿಯ ಟಿಕೀಟು ಕೈಯಲ್ಲಿದ್ದರೂ ಬಣ್ಣದ ಕಾರಣದಿಂದ ಪೀಟರ್‌ಮಾರಿಟ್ಸ್‌ಬರ್ಗಿನ ನಿಲ್ದಾಣದಲ್ಲಿ ಅವರನ್ನು ಗಾಡಿಯಿಂದ ಹೊರಕ್ಕೆ ತಳ್ಳಿದ ಸಂಗತಿಯನ್ನು ವಾಚಕರೆಲ್ಲರೂ ಬಲ್ಲರು. ಹುಟ್ಟಿನ ಕಾರಣದಿಂದ ಮನುಷ್ಯನನ್ನು ಹೀನನೆಂದೆಣಿಸುವುದರ ಅರ್ಥವೇನೆಂಬುದನ್ನು ಅವರು ಆ ಚಳಿಯ ರಾತ್ರಿ ಸ್ವಶರೀರದಲ್ಲಿಯೇ ಕಲಿತರು.

ಆ ಪರದೇಶದಲ್ಲಿ ಅವರ ಕೈಹಿಡಿದ ಬಿಳಿಯರು ಯಾರು? ಅವರಲ್ಲಿ ಬಹುಮಂದಿ ಯಹೂದ್ಯರು. 1904ರಲ್ಲಿ ಜೋಹಾನ್ಸ್‌ಬರ್ಗಿನ ಒಂದು ಶಾಕಾಹಾರದ ಭೋಜನಶಾಲೆಯಲ್ಲಿ ಹೆನ್ರಿ ಪೋಲಕ್ ಎಂಬ ಯುವಕ ಪತ್ರಕರ್ತರ ಪರಿಚಯವಾಯಿತು. ಡರ್ಬನ್ನಿಗೆ ಹೊರಟಿದ್ದ ಗಾಂಧೀಜಿಯವರಿಗೆ ಗಾಡಿಯಲ್ಲಿ ಓದಲೆಂದು ರಸ್ಕಿನ್ನನ ಪುಸ್ತಕವನ್ನು ಕೊಟ್ಟವರು ಇವರೇ. ಆ ಒಂದು ಓದಿನಿಂದ ಫೀನಿಕ್ಸ್ ಆಶ್ರಮ ಹುಟ್ಟಿತು. ಪೋಲಕರು ಮುಂದೆ ಇಂಡಿಯನ್ ಒಪಿನಿಯನ್ ಪತ್ರಿಕೆಯ ಸಂಪಾದಕತ್ವವನ್ನೂ ವಹಿಸಿದರು. ಹದಿಹರೆಯದಲ್ಲಿಯೇ ಕಚೇರಿಗೆ ಸೇರಿದ ಸೋನ್ಯಾ ಶ್ಲೆಸಿನ್ ಎಂಬ ಯಹೂದ್ಯ ಕನ್ಯೆಯು ಪತ್ರವ್ಯವಹಾರವನ್ನೂ ಹಣದ ಲೆಕ್ಕವನ್ನೂ ಹಿಡಿದು, ಮುಖಂಡರೆಲ್ಲ ಸೆರೆಯಲ್ಲಿದ್ದಾಗ ಚಳವಳಿಯ ಭಾರವನ್ನು ಹೊತ್ತಳು.

ಇವರೆಲ್ಲರಿಗಿಂತ ಹತ್ತಿರದವರು ಹರ್ಮನ್ ಕಾಲೆನ್‌ಬಾಕ್. ಜರ್ಮನ್ ನುಡಿಯ ಯಹೂದ್ಯ ಕುಟುಂಬದಲ್ಲಿ ಹುಟ್ಟಿ ಶಿಲ್ಪಿಯಾಗಿ ಧನ ಸಂಪಾದಿಸಿದ್ದ ಈತನು, ಭೋಗದ ಬದುಕನ್ನು ತೊರೆದು ಗಾಂಧೀಜಿಯವರೊಡನೆ ಒಂದೇ ಮನೆಯಲ್ಲಿ ವಾಸಿಸಿದನು. ಸೆರೆಗೆ ಹೋದ ಸತ್ಯಾಗ್ರಹಿಗಳ ಹೆಂಡಿರು ಮಕ್ಕಳಿಗೆ ಆಶ್ರಯವಿಲ್ಲದಾದಾಗ, 1910ರಲ್ಲಿ ಜೋಹಾನ್ಸ್‌ಬರ್ಗಿನ ಹತ್ತಿರದ 1,100 ಎಕರೆಗಳ ತೋಟವನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟನು. ಅದೇ ಟಾಲ್‌ಸ್ಟಾಯ್ ಆಶ್ರಮ. 1913ರ ಮಹಾಪ್ರಯಾಣದಲ್ಲಿ ಗಾಂಧಿ, ಪೋಲಕ್, ಕಾಲೆನ್‌ಬಾಕ್ ಮೂವರೂ ಸೆರೆಮನೆಯನ್ನು ಸೇರಿದರು. ಭಾರತೀಯರ ಮಾನಕ್ಕಾಗಿ ಇಬ್ಬರು ಯಹೂದ್ಯರು ಸೆರೆಯನ್ನನುಭವಿಸಿದ ಈ ಋಣವನ್ನು ನಮ್ಮವರು ನೆನೆಯುವುದು ಕಡಮೆ. ಗಾಂಧೀಜಿಯವರು ಕೊನೆಯ ವರೆಗೂ ಮರೆಯಲಿಲ್ಲ.

1915ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಖಿಲಾಫತಿನ ದಿನಗಳಲ್ಲಿ ಅವರು ಮುಸಲ್ಮಾನರ ಪಕ್ಷವನ್ನು ಹಿಡಿದು, 1921ರಲ್ಲಿ ಪ್ಯಾಲೆಸ್ಟೈನು ಮುಸಲ್ಮಾನರ ಅಧೀನದಲ್ಲಿಯೇ ಇರತಕ್ಕದ್ದೆಂಬ ಅರ್ಥದಲ್ಲಿ ಬರೆದುದುಂಟು. ಇದನ್ನು ಮರೆಮಾಡುವುದು ನ್ಯಾಯವಲ್ಲ. ಆದರೆ 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋಗಿದ್ದಾಗ ಯಹೂದ್ಯರ ಪತ್ರಿಕೆಯೊಂದರ ಪ್ರತಿನಿಧಿಗೆ ಅವರು ಕೊಟ್ಟ ಉತ್ತರವನ್ನೂ ಜೊತೆಯಲ್ಲಿಡಬೇಕು. ಯಹೂದ್ಯದ್ವೇಷವು ಅನಾಗರಿಕ ಕಾಲದ ಉಳಿಕೆಯೆಂದು ಅವರು ಅಲ್ಲಿ ಸ್ಪಷ್ಟವಾಗಿ ನುಡಿದರು. ಜೆರುಸಲೇಮನ್ನು ಹೃದಯದಲ್ಲಿ ಕಾಣುವ ಹಂಬಲ ಉದಾತ್ತವಾದುದು, ನೆಲವನ್ನು ಬಲದಿಂದ ಪಡೆಯುವ ಹಂಬಲ ಅಂಥದಲ್ಲ ಎಂಬುದು ಅಂದೂ ಮುಂದೂ ಅವರ ಅಭಿಪ್ರಾಯವಾಗಿತ್ತು.

ಇಷ್ಟರಲ್ಲಿ ಅವರ ಉಪದೇಶ ನಮ್ಮ ಕರಾವಳಿಯನ್ನೂ ಮುಟ್ಟಿತ್ತು. 1930ರಲ್ಲಿ ಅವರು ದಂಡಿಯಲ್ಲಿ ಉಪ್ಪನ್ನೆತ್ತಿದ ವಾರದೊಳಗೆ, ಏಪ್ರಿಲ್ 13ರಂದು, ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿಯಿತು. ಸಾಣಿಕಟ್ಟೆಯ ಆಗರಗಳಲ್ಲಿ ತಲೆಮಾರುಗಳಿಂದ ಉಪ್ಪು ಬೆಳೆದ ಕುಮಟಾ ಸೀಮೆಯವರಿಗೆ, ಸಮುದ್ರದ ನೀರಿಗೂ ಸುಂಕ ಬೀಳುವ ಅನ್ಯಾಯವನ್ನು ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ. ಅನಂತರ ಅಂಕೋಲೆ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ ನಡೆಯಿತು. ನೂರಾರು ಕುಟುಂಬಗಳ ಜಮೀನು ಜಪ್ತಾಯಿತು. ದನಕರು, ಪಾತ್ರೆಪಗಡೆಗಳು ಹರಾಜಾದುವು. ಗಂಡಸರು ಸೆರೆಮನೆಗೂ ಹೆಂಗಸರು ಮಕ್ಕಳು ಪರರ ಜಗಲಿಗೂ ಸೇರಿದರು. ಹೆಂಗಸರಲ್ಲಿಯೂ ಅನೇಕರು ಸೆರೆಗೆ ಹೋದರು. ಯಾರೂ ಕಲ್ಲೆತ್ತಲಿಲ್ಲ. 1934ರಲ್ಲಿ ಹರಿಜನೋದ್ಧಾರದ ಪ್ರವಾಸದಲ್ಲಿ ಗಾಂಧೀಜಿಯವರು ಕಾರವಾರ, ಶಿರಸಿಗಳಿಗೆ ಬಂದಾಗ ಈ ಗಾಯಗಳು ಇನ್ನೂ ಹಸಿಯಾಗಿದ್ದುವು. ಅನ್ಯಾಯಕ್ಕೆ ತಲೆಬಾಗಬೇಡ, ಅನ್ಯಾಯ ಮಾಡುವವನನ್ನು ಹೊಡೆಯಲೂ ಬೇಡ, ಬಂದುದನ್ನು ಸಹಿಸು. ಅವರ ಮಾತು ಇಷ್ಟೇ ಆಗಿತ್ತು. ಅದನ್ನು ಪಾಲಿಸಿದವರು ಅನ್ನದ ತಟ್ಟೆಯನ್ನೇ ಕಳೆದುಕೊಂಡರು.

ಈ ಹಿನ್ನೆಲೆಯನ್ನಿಟ್ಟುಕೊಂಡು 1938ರ ಲೇಖನಕ್ಕೆ ಬರೋಣ. ಆ ವರ್ಷದ ನವೆಂಬರ್ 9-10ರ ರಾತ್ರಿ ಜರ್ಮನಿಯಲ್ಲೆಲ್ಲ ಯಹೂದ್ಯರ ದೇವಮಂದಿರಗಳನ್ನು ಸುಟ್ಟು, ಅಂಗಡಿಗಳನ್ನು ಒಡೆದು, ಸಾವಿರಾರು ಜನರನ್ನು ಸೆರೆಶಿಬಿರಗಳಿಗೆ ಅಟ್ಟಲಾಯಿತು. ಗಾಂಧೀಜಿಯವರ ಅಭಿಪ್ರಾಯವನ್ನು ಕೇಳಿ ಪತ್ರಗಳು ಬಂದುವು. ವಾರ್ಧಾದ ಹತ್ತಿರದ ಸೇಗಾಂವದಲ್ಲಿದ್ದ ಅವರು, ಹಿಂಜರಿಯುತ್ತಲೇ ಲೇಖನಿಯನ್ನೆತ್ತಿದರು. ತಮ್ಮ ಸಹಾನುಭೂತಿಯೆಲ್ಲವೂ ಯಹೂದ್ಯರ ಕಡೆಗಿದೆಯೆಂದು ಮೊದಲಿಗೇ ಹೇಳಿ, ಕ್ರೈಸ್ತ ಸಮಾಜದಲ್ಲಿ ಅವರ ಸ್ಥಿತಿ ಹಿಂದೂ ಸಮಾಜದಲ್ಲಿ ಅಸ್ಪೃಶ್ಯರ ಸ್ಥಿತಿಯಂತಿದೆಯೆಂದು ಬರೆದರು. ಈ ಹೋಲಿಕೆಯ ತೂಕವನ್ನು ಗಮನಿಸಬೇಕು. ಅಸ್ಪೃಶ್ಯತೆಯನ್ನು ಹಿಂದೂಧರ್ಮದ ಮಹಾಪಾಪವೆಂದು ಸಾರಿ, ಅದಕ್ಕಾಗಿ ಪ್ರಾಣವನ್ನೇ ಪಣಕ್ಕೊಡ್ಡಿದ್ದವರು ಆಡಿದ ಮಾತದು. ಜರ್ಮನಿಯ ಹಿಂಸೆಗೆ ಇತಿಹಾಸದಲ್ಲಿ ಸಾಟಿಯಿಲ್ಲ, ಮಾನವೀಯತೆಯ ಹೆಸರಿನಲ್ಲಿ ಯಾವುದಾದರೂ ಯುದ್ಧ ನ್ಯಾಯ್ಯವೆನಿಸುವುದಾದರೆ ಅದು ಜರ್ಮನಿಯ ಮೇಲಿನ ಯುದ್ಧವೇ ಎಂದೂ ಒಪ್ಪಿಕೊಂಡರು. ಆದರೆ ತಮಗೆ ಯಾವ ಯುದ್ಧದಲ್ಲಿಯೂ ನಂಬಿಕೆಯಿಲ್ಲವೆಂದರು.

ವಿವಾದ ಹುಟ್ಟಿದ್ದು ಮುಂದಿನ ಎರಡು ಮಾತುಗಳಿಂದ. ಇಂಗ್ಲೆಂಡು ಇಂಗ್ಲಿಷರದಾಗಿರುವಂತೆ ಪ್ಯಾಲೆಸ್ಟೈನು ಅರಬರದು, ಬ್ರಿಟಿಷರ ಬಂದೂಕಿನ ನೆರಳಿನಲ್ಲಿ ಯಹೂದ್ಯರು ಅಲ್ಲಿ ನೆಲೆಯೂರಬಾರದು, ಅರಬರ ಮನಸ್ಸನ್ನೊಲಿಸಿಕೊಂಡೇ ನೆಲೆಯೂರಬೇಕು ಎಂಬುದು ಒಂದು. ಅರಬರ ಹಿಂಸೆಯನ್ನು ತಾವು ಸಮರ್ಥಿಸುವುದಿಲ್ಲವೆಂಬುದನ್ನೂ ಅಲ್ಲಿಯೇ ಸೇರಿಸಿದ್ದರು. ಜರ್ಮನಿಯ ಯಹೂದ್ಯರು ಆ ದೇಶವೇ ತಮ್ಮ ತಾಯ್ನಾಡೆಂದು ಸಾಧಿಸಿ, ಹೊರಡಲೊಪ್ಪದೆ, ಸತ್ಯಾಗ್ರಹ ಹೂಡಿ, ಕೊಲೆಯಾದರೂ ಸಹಿಸಬೇಕು ಎಂಬುದು ಇನ್ನೊಂದು.

ಲೇಖನಕ್ಕೆ ಎರಡು ದಿಕ್ಕಿನಿಂದಲೂ ಏಟು ಬಿತ್ತು. ಜರ್ಮನಿಯ ಪತ್ರಿಕೆಗಳು ಕೆರಳಿ ಬರೆದುವು. ಗಾಂಧೀಜಿಯವರು ಡಿಸೆಂಬರಿನಲ್ಲಿ ಅವಕ್ಕೆ ಉತ್ತರ ಕೊಟ್ಟು ತಮ್ಮ ಖಂಡನೆಯನ್ನು ಎತ್ತಿಹಿಡಿದರು. ಯಹೂದ್ಯರ ಕಡೆಯಿಂದ ಬಂದ ಉತ್ತರಗಳು ಹೆಚ್ಚು ಭಾರವಾದುವು, ಏಕೆಂದರೆ ಬರೆದವರು ಅವರ ಮೇಲೆ ಭಕ್ತಿಯಿಟ್ಟಿದ್ದವರು. ಜರ್ಮನಿಯನ್ನು ಬಿಟ್ಟು ಜೆರುಸಲೇಮಿಗೆ ಬಂದಿದ್ದ ತತ್ತ್ವಜ್ಞ ಮಾರ್ಟಿನ್ ಬೂಬರ್ ಮತ್ತು ಅಲ್ಲಿಯ ಹೀಬ್ರೂ ವಿಶ್ವವಿದ್ಯಾಲಯದ ಅಧ್ಯಕ್ಷ ಜೂಡಾ ಮ್ಯಾಗ್ನೆಸ್ ಇಬ್ಬರೂ ಅರಬರೊಡನೆ ಸಮಾನತೆಯಿಂದ ಬಾಳಬೇಕೆಂದು ದುಡಿದವರು. 1939ರ ಫೆಬ್ರವರಿಯಲ್ಲಿ ಅವರು ಬರೆದ ಪತ್ರಗಳ ಸಾರವಿಷ್ಟು: ದಕ್ಷಿಣ ಆಫ್ರಿಕದ ಭಾರತೀಯರ ಬೆನ್ನಿಗೆ ಕೋಟಿ ಕೋಟಿ ಜನರ ತಾಯ್ನಾಡಿತ್ತು, ಯಹೂದ್ಯರಿಗೆ ಅಂಥದೊಂದಿಲ್ಲ, ಸತ್ಯಾಗ್ರಹಿಯ ಸಂಕಟವನ್ನು ಲೋಕ ನೋಡಿದರೆ ತಾನೆ ಅದು ಸಾಕ್ಷ್ಯವಾಗುವುದು, ಜರ್ಮನಿಯಲ್ಲಿ ಮನುಷ್ಯನು ಇರುಳಿನಲ್ಲಿ ಸದ್ದಿಲ್ಲದೆ ಮಾಯವಾಗುತ್ತಾನೆ. ನ್ಯೂಯಾರ್ಕಿನ ಜ್ಯೂಯಿಷ್ ಫ್ರಂಟಿಯರ್ ಪತ್ರಿಕೆಯ ಸಂಪಾದಕ ಹಯಿಂ ಗ್ರೀನ್‌ಬರ್ಗರು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿ, ಮುಸಲ್ಮಾನರ ಸ್ನೇಹದ ಆಸೆಯಿಂದ ಮಹಾತ್ಮರ ನ್ಯಾಯದೃಷ್ಟಿ ಮಸುಳಿತೆಂದು ಶಂಕಿಸಿದರು. ಮುಂದೆ ಬಂದ ಟೀಕಾಕಾರರು ಇದಕ್ಕೆ ಯಹೂದ್ಯದ್ವೇಷವೆಂಬ ಹೆಸರನ್ನೇ ಕೊಟ್ಟರು.

ಈ ಹೆಸರು ಸಲ್ಲದೆಂಬುದು ನಮ್ಮ ದೃಢವಾದ ಅಭಿಪ್ರಾಯ. ದ್ವೇಷವೆಂದರೆ ಒಂದು ಕುಲದವರನ್ನು ಕುಲದ ಕಾರಣದಿಂದಲೇ ಹೀನರೆಂದೆಣಿಸಿ, ಅವರಿಗೊಂದು, ಇತರರಿಗೊಂದು ಅಳತೆಗೋಲನ್ನು ಹಿಡಿಯುವುದು. ಗಾಂಧೀಜಿಯವರು ಯಹೂದ್ಯರಿಗೆ ಹಿಡಿದ ಕೋಲು ಅಂಕೋಲೆಯ ಒಕ್ಕಲಿಗೆ ಹಿಡಿದ ಕೋಲೇ. ಮನೆಮಠಗಳನ್ನು ಕಳೆದುಕೊಳ್ಳಿರೆಂದು ತಮ್ಮವರಿಗೇ ಹೇಳಿದ್ದವರು, ಪರರಿಗೂ ಅದನ್ನೇ ಹೇಳಿದಾಗ ಅದು ಕ್ರೂರವೆನಿಸಬಹುದು, ಅವಿವೇಕವೆನಿಸಬಹುದು, ಪಕ್ಷಪಾತವೆನಿಸಲಾರದು. ಮುಸಲ್ಮಾನರ ಸ್ನೇಹಕ್ಕಾಗಿ ಸತ್ಯವನ್ನು ಮಾರಿದರೆಂಬ ಶಂಕೆಗೆ ಅವರು 1939ರ ಮೇ ತಿಂಗಳಲ್ಲಿ ಉತ್ತರವಿತ್ತರು. ದೇಶದ ಬಿಡುಗಡೆಗಾಗಿಯೂ ಸತ್ಯವನ್ನು ಮಾರಲಾರದವರು ಒಂದು ಸಮಾಜದ ಸ್ನೇಹಕ್ಕಾಗಿ ಮಾರುವರೇ ಎಂಬುದು ಅದರ ತಾತ್ಪರ್ಯ.

ಆದರೆ ಆರೋಪ ಸುಳ್ಳೆಂದಮಾತ್ರಕ್ಕೆ ಲೇಖನ ನಿರ್ದುಷ್ಟವೆಂದಾಗುವುದಿಲ್ಲ. ಬೂಬರರು ತೋರಿಸಿದ ದೋಷ ನಿಜವಾದುದು. ನಮ್ಮ ಕರನಿರಾಕರಣೆಯ ವೀರರ ಮೇಲೆ ಖಟ್ಲೆ ನಡೆಯುತ್ತಿತ್ತು, ಶಿಕ್ಷೆಗೆ ಇಷ್ಟು ತಿಂಗಳೆಂಬ ಗಡುವಿತ್ತು, ಸುದ್ದಿಯನ್ನು ಬರೆಯಲು ಹೇಗೋ ಪತ್ರಿಕೆಗಳು ಉಳಿದಿದ್ದುವು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸಿನ ಮಂತ್ರಿಮಂಡಲ ಬಂದ ಮೇಲೆ ಕಳೆದ ಜಮೀನನ್ನು ಮರಳಿಸುವ ಏರ್ಪಾಡೂ ಆಯಿತು. ಒಂದು ಕುಲವನ್ನೇ ಭೂಮಿಯ ಮೇಲಿಂದ ಅಳಿಸಬೇಕೆಂದು ಹೊರಟ ಸರಕಾರದೆದುರು ಹೀಗೆ ಮರಳಿ ಪಡೆಯುವ ಮಾತೆಲ್ಲಿ?

ನಮ್ಮ ಕರಾವಳಿಯ ಹಳೆಯ ನೆನಪೂ ಬೂಬರರ ಪಕ್ಷದಲ್ಲಿಯೇ ನಿಲ್ಲುತ್ತದೆ. ಹದಿನಾರನೆಯ ಶತಮಾನದಲ್ಲಿ ಗೋವೆಯ ಪೋರ್ಚುಗೀಜರು ದೇವಾಲಯಗಳನ್ನು ಕೆಡವಿ, 1560ರಲ್ಲಿ ಧರ್ಮವಿಚಾರಣೆಯ ನ್ಯಾಯಸ್ಥಾನವನ್ನು ನಿಲ್ಲಿಸಿದರು. ಅದರ ಮೊದಲ ಬಲಿಗಳಲ್ಲಿ ಯಹೂದ್ಯ ಮೂಲದ ಹೊಸ ಕ್ರೈಸ್ತರಿದ್ದರು. ಭಾರತದ ಗಿಡಮೂಲಿಕೆಗಳ ಮೇಲೆ 1563ರಲ್ಲಿ ಗ್ರಂಥ ಬರೆದ ವೈದ್ಯ ಗಾರ್ಸಿಯಾ ದ ಓರ್ಟನು ಅದೇ ಮೂಲದವನು. ಅವನು ಸತ್ತ ಮೇಲೂ ಬಿಡದೆ 1580ರಲ್ಲಿ ಅವನ ಎಲುಬುಗಳನ್ನು ಅಗೆದು ತೆಗೆದು ಸುಟ್ಟರು. ಆ ಕಾಲದ ಹಿಂಸೆಗೆ ಬೆದರಿ, ಕುಲದೇವರನ್ನು ಮನಸ್ಸಿನಲ್ಲಿಯೂ ಮಡಿಲಿನಲ್ಲಿಯೂ ಇಟ್ಟುಕೊಂಡು ದಕ್ಷಿಣಕ್ಕೆ ಬಂದ ಕೊಂಕಣಿ ನುಡಿಯ ಕುಟುಂಬಗಳು ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ನೆಲೆಗೊಂಡುವು. ಇಂದು ನಮ್ಮ ಪೇಟೆಗಳಲ್ಲಿ ಅವರ ಸಂತತಿಯ ಅಂಗಡಿಗಳಿವೆ, ದೇವಸ್ಥಾನಗಳಲ್ಲಿ ಅವರ ದೀಪಗಳಿವೆ. ಅಂದು ಓಡಿಬಂದವರನ್ನು ಹೇಡಿಗಳೆಂದು ಯಾರು ಕರೆದಾರು? ಬದುಕಿ ಉಳಿಯುವುದೂ ಧರ್ಮವೇ. ಓಡಲು ಎಡೆಯಿದ್ದವನಿಗೆ ನಿಂತು ಸಾಯೆಂದು ಹೇಳುವ ಹಕ್ಕು, ಎಷ್ಟೇ ದೊಡ್ಡವರಾಗಲಿ, ಹೊರಗೆ ನಿಂತವರಿಗಿಲ್ಲ.

ಹೀಗೆ ಲೇಖನ ತಪ್ಪಿದೆ, ಲೇಖಕರ ಹೃದಯ ತಪ್ಪಿಲ್ಲ ಎನ್ನಬೇಕಾಗುತ್ತದೆ. ಈ ತೀರ್ಪಿಗೆ ಮುಖ್ಯ ಸಾಕ್ಷಿ ಮಹಾತ್ಮರ ಮುಂದಿನ ನಡತೆ. 1938ರ ಡಿಸೆಂಬರಿನಲ್ಲಿ ಅವರು ಯಹೂದ್ಯರ ಮನಸ್ಸಿನಲ್ಲಿ ಅಹಿಂಸೆಯಿಲ್ಲ, ತಮ್ಮ ಪರವಾಗಿ ಇಂಗ್ಲೆಂಡ್ ಅಮೆರಿಕಗಳು ಜರ್ಮನಿಯೊಡನೆ ಕಾದಲೆಂದು ಅವರು ಬಯಸುತ್ತಾರೆ ಎಂಬರ್ಥದ ಮಾತನ್ನು ಬರೆದುಬಿಟ್ಟರು. ಯಹೂದ್ಯ ಮಿತ್ರರು ಇದಕ್ಕೆ ಆಧಾರವೇನೆಂದು ಕೇಳಿದರು. ಆಧಾರವನ್ನು ಹುಡುಕಿದರು, ದೊರೆಯಲಿಲ್ಲ. 1939ರ ಮೇ 27ರ ಹರಿಜನ ಪತ್ರಿಕೆಯಲ್ಲಿ, ಯಾವ ನೆಪವನ್ನೂ ಮುಂದೊಡ್ಡದೆ, ಆ ಮಾತನ್ನು ಸಂಪೂರ್ಣವಾಗಿ ಹಿಂತೆಗೆದುಕೊಂಡರು. ಪತ್ರಿಕೆ ನಡೆಸುವ ನಾವು ಇಲ್ಲಿ ತಲೆತಗ್ಗಿಸಬೇಕು. ಕೇಳಿದ ಸುದ್ದಿಯನ್ನು ಪರೀಕ್ಷಿಸದೆ ಮುಂಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚುಹಾಕಿ, ತಪ್ಪೆಂದು ತಿಳಿದ ಮೇಲೆ ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದ ಎರಡು ಸಾಲು ಹಾಕಿ ಕೈತೊಳೆದುಕೊಂಡ ಪ್ರಸಂಗ ಈ ಲೇಖಕನಿಗೂ ಒಮ್ಮೆ ಒದಗಿದೆ. ದ್ವೇಷದಿಂದ ಬರೆಯುವವನು ಆಧಾರ ಹುಡುಕುವುದೇ ಇಲ್ಲ. ಆಧಾರ ಸಿಗದಾಗ ಹಿಂತೆಗೆಯುವುದಂತೂ ದೂರ ಉಳಿಯಿತು.

ಇನ್ನೊಂದು ಸಾಕ್ಷಿ ಆಶ್ರಮದೊಳಗಿನದು. 1937ರಲ್ಲಿ ಒಮ್ಮೆ ಬಂದುಹೋಗಿದ್ದ ಕಾಲೆನ್‌ಬಾಕನು 1939ರ ಆರಂಭದಲ್ಲಿ ಮತ್ತೆ ಬಂದು ಸೇಗಾಂವದಲ್ಲಿ ತಂಗಿದ್ದನು. ಆತನು ಯಹೂದ್ಯರ ರಾಷ್ಟ್ರೀಯ ಗೃಹದ ಪಕ್ಷಪಾತಿ. ಅಹಿಂಸೆಯನ್ನು ಬುದ್ಧಿಯಿಂದ ಒಪ್ಪಿದ್ದರೂ ಹಿಟ್ಲರನಿಗಾಗಿ ಪ್ರಾರ್ಥಿಸಲು ಆತನ ಮನಸ್ಸೊಪ್ಪಲಿಲ್ಲ. ಗಾಂಧೀಜಿಯವರು ಅದನ್ನು ಹೆಸರು ಹೇಳದೆ ತಮ್ಮ ಪತ್ರಿಕೆಯಲ್ಲಿ ಬರೆದು, ಆ ಕೋಪಕ್ಕಾಗಿ ತಾವು ಮಿತ್ರನೊಡನೆ ಜಗಳವಾಡುವುದಿಲ್ಲವೆಂದರು. ತಮ್ಮ ಮತವನ್ನು ಒಪ್ಪದ ಯಹೂದ್ಯನನ್ನು ತಮ್ಮ ಮನೆಯಲ್ಲಿಯೇ ಇಟ್ಟುಕೊಂಡು ಸಲಹಿದವರು ಯಹೂದ್ಯದ್ವೇಷಿಯಾಗುವುದೆಂತು? 1945ರಲ್ಲಿ ಕಾಲೆನ್‌ಬಾಕನು ತೀರಿಕೊಂಡನು. ಅವನ ಭಸ್ಮವನ್ನು ಗಲಿಲಿ ಸರೋವರದ ತೀರದ ದೆಗಾನಿಯಾ ಗ್ರಾಮದಲ್ಲಿ ಇಡಲಾಯಿತು. ಈ ಇಬ್ಬರಿಗೆ ಸಂಬಂಧಪಟ್ಟ ಪತ್ರಸಂಗ್ರಹವನ್ನು 2012ರಲ್ಲಿ ಭಾರತ ಸರಕಾರ ಹರಾಜಿಗೆ ಹೋಗಗೊಡದೆ ಕೊಂಡು ತಂದಿತು.

ಯುದ್ಧದ ವರ್ಷಗಳಲ್ಲಿಯೂ ಮಹಾತ್ಮರು ತಮ್ಮ ತತ್ತ್ವದಿಂದ ಕದಲಲಿಲ್ಲ. 1939ರ ಜುಲೈಯಲ್ಲಿಯೂ 1940ರ ಡಿಸೆಂಬರಿನಲ್ಲಿಯೂ ಹಿಟ್ಲರನಿಗೆ ಮಿತ್ರನೆಂದು ಸಂಬೋಧಿಸಿ ಬರೆದ ಪತ್ರಗಳನ್ನು ಬ್ರಿಟಿಷ್ ಸರಕಾರ ತಲುಪಗೊಡಲಿಲ್ಲ. ಎರಡನೆಯ ಪತ್ರದಲ್ಲಿ ಅವನ ಕೃತ್ಯಗಳನ್ನು ಅಮಾನುಷವೆಂದೇ ಖಂಡಿಸಿದ್ದರೂ, ಆ ಸಂಬೋಧನೆಯೊಂದೇ ಟೀಕಾಕಾರರ ಕಣ್ಣಿಗೆ ಬೀಳುತ್ತದೆ. ಯುದ್ಧ ಮುಗಿದಾಗ ಸುಮಾರು 60 ಲಕ್ಷ ಯಹೂದ್ಯರು ಕೊಲೆಯಾಗಿದ್ದರೆಂಬುದು ಲೋಕಕ್ಕೆ ತಿಳಿಯಿತು. 1946ರಲ್ಲಿ ತಮ್ಮನ್ನು ಕಂಡ ಅಮೆರಿಕದ ಪತ್ರಕರ್ತ ಲೂಯಿ ಫಿಷರರೊಡನೆ, ಇದು ಈ ಕಾಲದ ಅತಿದೊಡ್ಡ ಅಪರಾಧವೆಂದು ಅವರು ಹೇಳಿದರು. ಆದರೂ ಯಹೂದ್ಯರು ತಾವಾಗಿಯೇ ಕೊರಳೊಡ್ಡಿದ್ದರೆ ಲೋಕದ ಕಣ್ಣು ತೆರೆಯುತ್ತಿತ್ತೆಂದು ಸೇರಿಸಿದರು. ಈ ಮಾತನ್ನು ಓದುವಾಗ ನಮ್ಮ ಎದೆ ನಡುಗುತ್ತದೆ. ಸಮರ್ಥಿಸಲು ನಾಲಗೆ ಏಳುವುದಿಲ್ಲ. ಅದೇ ವರ್ಷದ ಜುಲೈಯಲ್ಲಿ, ಯಹೂದ್ಯರಿಗೆ ಲೋಕ ಘೋರವಾದ ಅನ್ಯಾಯವೆಸಗಿದೆಯೆಂದೂ, ಪ್ಯಾಲೆಸ್ಟೈನಿನಲ್ಲಿ ಪರರ ಬಲವನ್ನೂ ಭಯೋತ್ಪಾದನೆಯನ್ನೂ ಅವರು ನೆಚ್ಚಿದ್ದು ತಪ್ಪೆಂದೂ ಬರೆದರು.

ಪರರಿಗೆ ಹೇಳಿದ ಆ ಕಠಿಣವಾದ ಪಾಠ ಕೊನೆಗೆ ಅವರ ಪಾಲಿಗೇ ಬಂದಿತು. ನೌಖಾಲಿಯಲ್ಲಿ ಬರಿಗಾಲಿನಲ್ಲಿ ನಡೆದರು. ಕಲಕತ್ತೆಯಲ್ಲಿಯೂ ದಿಲ್ಲಿಯಲ್ಲಿಯೂ ಉಪವಾಸ ಹೂಡಿದರು. 1948ರ ಜನವರಿ 20ರಂದು ಪ್ರಾರ್ಥನಾಸಭೆಯಲ್ಲಿ ಬಾಂಬು ಸಿಡಿದ ಮೇಲೂ ಬಂದವರನ್ನು ಪೋಲೀಸರು ತಡಕಿ ನೋಡುವುದಕ್ಕೆ ಒಪ್ಪಲಿಲ್ಲ. ಜನವರಿ 30ರಂದು ಎದೆಯೊಡ್ಡಿ ಮಡಿದರು. ಬೇರೆಯವರಿಂದ ಕೇಳಿದುದನ್ನು ತಮ್ಮಿಂದ ತಪ್ಪಿಸಿಕೊಂಡರೆಂದು ಯಾವ ಶತ್ರುವೂ ಹೇಳಲಾರನು.

ಇಂದು ಪ್ಯಾಲೆಸ್ಟೈನಿನ ವಿಷಯದಲ್ಲಿ ಬರೆಯುವವರು ನಮ್ಮಲ್ಲಿಯೂ ಹಲವರಿದ್ದಾರೆ. ಒಂದು ರಾಜ್ಯದ ನೀತಿಯನ್ನು ಟೀಕಿಸಿದ ಮಾತ್ರಕ್ಕೆ ಬರೆದವನನ್ನು ಕುಲದ್ವೇಷಿಯೆನ್ನುವುದು ಅನ್ಯಾಯ. ಆ ಟೀಕೆಯ ಮರೆಯಲ್ಲಿ ಕುಲದ್ವೇಷವನ್ನು ಸಾಗಹಾಕುವುದು ಅದಕ್ಕಿಂತ ದೊಡ್ಡ ಅನ್ಯಾಯ. ಎರಡನ್ನೂ ಬೇರೆಬೇರೆಯಾಗಿ ಗುರುತಿಸಲು ಮಹಾತ್ಮರ ಚರಿತ್ರೆಯಿಂದ ಮೂರು ಪ್ರಶ್ನೆಗಳು ದೊರೆಯುತ್ತವೆ. ಬರೆದವನು ಪರರಿಗೆ ಹಿಡಿದ ಅಳತೆಯನ್ನು ತನ್ನವರಿಗೂ ಹಿಡಿದಿದ್ದಾನೆಯೇ? ತಪ್ಪು ಕಂಡಾಗ ಬರೆದುದನ್ನು ಬಹಿರಂಗವಾಗಿ ಹಿಂತೆಗೆದಿದ್ದಾನೆಯೇ? ತಾನು ಟೀಕಿಸುವ ಜನರಲ್ಲಿ ಒಬ್ಬನಾದರೂ ಅವನ ಮನೆಯಲ್ಲಿ ನಿರ್ಭಯವಾಗಿ ಉಂಡು ಮಲಗಬಲ್ಲನೇ? ಮೂರಕ್ಕೂ ಹೌದೆನ್ನಬಲ್ಲವನು ತಪ್ಪಿ ಬರೆದರೂ ಕ್ಷಮಾರ್ಹನು. ಉಳಿದವರು ಲೇಖನಿಯನ್ನು ಮಸಿಯಲ್ಲದ್ದುವ ಮುನ್ನ ಒಮ್ಮೆ ಯೋಚಿಸಲಿ, ನಾವೂ ಯೋಚಿಸುವೆವು.